ಬಿಟ್ಟು ಓದಿದ ಸಾಲು

'ಪುಟ ಹದಿನೇಳು: ಸೊನ್ನೆ. ಪುಟ ಹದಿನೆಂಟು: ಸೊನ್ನೆ. ಪುಟ ಹತ್ತೊಂಬತ್ತು: ಬರೀ ಸೊನ್ನೆ. ಎಲ್ಲ ವಾಪಸ್ ಕಳಿಸಿದ್ದೇನೆ. – ಶಿವಶಂಕರ್.'

ಗಾವಡಗೆರೆಯ ಅಂಚೆ ಕಚೇರಿಯಲ್ಲಿ ದಿನದ ಕೆಲಸ ಮುಗಿಸಿ ಕೂತಿದ್ದ ಪದ್ಮಶ್ರೀ ಲ್ಯಾಪ್‌ಟಾಪಿನಲ್ಲಿ ಮೂಡಿದ ಈ ಮಾತನ್ನು ಮತ್ತೊಮ್ಮೆ ಓದಿದಳು. ಮೈಯೆಲ್ಲ ಉರಿದುಹೋಯಿತು.

ವಾರವಿಡೀ ಕಣ್ಣು ನೋಯಿಸಿಕೊಂಡು ತಿದ್ದಿದ ಪುಟಗಳು ಅವು. ಒಂದು ಕಾಗುಣಿತ ತಪ್ಪಿಲ್ಲ, ಒಂದು ಒತ್ತಕ್ಷರ ಹೋಗಿಲ್ಲ. ಅದಕ್ಕೆ ಸೊನ್ನೆಯಂತೆ. ಯಾರೀ ಮಹಾನುಭಾವ?

ಹೆಸರಿನ ಕೆಳಗೇ ಫೋನ್ ನಂಬರ್ ಇತ್ತು. ಕೋಪ ಆರುವ ಮೊದಲೇ ಮಾತಾಡಿಬಿಡಬೇಕು ಎಂದು ಅವಳು ಒತ್ತಿಯೇಬಿಟ್ಟಳು.

"ಶಿವಶಂಕರ್ ಅವರಾ? ನಾನು ಪದ್ಮಶ್ರೀ. ನಿಮ್ಮ ಹತ್ರ ಸೊನ್ನೆ ತಗೊಂಡವಳು."

"ಓ... ಹೇಳಿ ಮೇಡಂ."

"ನಾನೇನು ಹೇಳೋದು, ನೀವೇ ಹೇಳಾಯ್ತಲ್ಲ. ಸಂಬಳ ಇಲ್ಲ, ಸಾರಿಗೆ ಇಲ್ಲ, ಆಸೆಪಟ್ಟು ಮಾಡೋ ಕೆಲಸ ಇದು. ಇದಕ್ಕೆ ಸೊನ್ನೆ ಕೊಡೋಕೆ ನೀವ್ಯಾರ್ರೀ?"

"ನಾನೆಲ್ಲಿ ಕೊಟ್ಟೆ ಮೇಡಂ? ನೀವೇ ಕೊಟ್ಟಿರೋದು. ಸಾಲಿಗೆ ಮೂರು ನಾಲ್ಕು ಕೊಟ್ಟಿದೀರ."

"ಏನನ್ನ?"

"ಸೊನ್ನೆಯ. ಒಂದ್ನಿಮಿಷ ಇರಿ, ಕೇಳಿಸ್ತೀನಿ."

ಫೋನಿನಲ್ಲಿ ಏನೋ ಸದ್ದಾಯಿತು. ಆಮೇಲೆ ಏರಿಳಿತವಿಲ್ಲದ ಕಂಪ್ಯೂಟರಿನ ದನಿಯೊಂದು ಓದತೊಡಗಿತು. "ಮ ಸೊನ್ನೆ ಜಮ್ಮ ಮುಸ್ಸ ಸೊನ್ನೆ ಜೆಯಲ್ಲಿ ಬಾಗಿಲಿಗೆ ಬ ಸೊನ್ನೆ ದು ನಿ ಸೊನ್ನೆ ತಳು."

ಪದ್ಮಶ್ರೀಗೆ ಏನೂ ತಿಳಿಯಲಿಲ್ಲ. ಎದುರಿಗಿದ್ದ ಪುಟ ನೋಡಿದಳು. 'ಮಂಜಮ್ಮ ಮುಸ್ಸಂಜೆಯಲ್ಲಿ ಬಾಗಿಲಿಗೆ ಬಂದು ನಿಂತಳು.' ಸರಿಯಾಗಿಯೇ ಇದೆಯಲ್ಲ!

"ಸ್ಕ್ಯಾನ್ ಮಾಡಿದ ಪುಟನ ಅಕ್ಷರ ಮಾಡ್ತದಲ್ಲ ಕಂಪ್ಯೂಟರು, ಅದು ಅಕ್ಷರದ ಪಕ್ಕದ ಸೊನ್ನೆ ಇಡೋ ಕಡೆ ಲೆಕ್ಕದ ಸೊನ್ನೆ ಇಟ್ಬುಡ್ತದೆ," ಎಂದ ಅವನು. "ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವಂತೆ. ನಂಗೊತ್ತಿಲ್ಲ, ನಂಗೆ ಕಣ್ಣು ಕಾಣಲ್ಲ. ಕಿವಿಗೆ ಮಾತ್ರ ಇಂಗೆ ಕೇಳ್ತದೆ."

ಅವಳ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

"ನಾನು ಮಾರ್ಕ್ಸ್ ಅನ್ಕೊಂಡೆ... ತಪ್ಪಾಯ್ತು."

"ಬುಡಿ ಮೇಡಂ, ನಂದೂ ತಪ್ಪೇ. ಕಾಲೇಜಲ್ಲಿ ಪಾಠ ಮಾಡೋನು, ಮೇಷ್ಟ್ರ ಚಾಳಿ. ಒಂದೊಂದೇ ಮಾತು ಬರ್ದಿಟ್ಟೆ. ಇನ್ಮೇಲೆ 'ಸೊನ್ನೆ ಸರಿ ಮಾಡಿ' ಅಂತ ಪೂರ್ತಿ ಬರೀತೀನಿ."

ಅವಳು ನಕ್ಕುಬಿಟ್ಟಳು. ಖಾಲಿ ಕಚೇರಿಯಲ್ಲಿ ತನ್ನ ನಗುವೇ ಅವಳಿಗೆ ಹೊಸದಾಗಿ ಕೇಳಿಸಿತು. ಕೊನೆಯ ಸಲ ನಕ್ಕದ್ದು ಯಾವಾಗ ಎಂದು ಯೋಚಿಸಿದರೆ ನೆನಪೇ ಆಗಲಿಲ್ಲ.

ಪದ್ಮಶ್ರೀ ಈ ಪುಟ ತಿದ್ದುವ ಕೆಲಸಕ್ಕೆ ಬಂದದ್ದು ಅಮ್ಮ ಹೋದ ಮೇಲೆ. ಅವಳಮ್ಮ ಚಾಮುಂಡಮ್ಮನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿ ಕೊನೆಯ ವರ್ಷಗಳಲ್ಲಿ ಏನೂ ಕಾಣುತ್ತಿರಲಿಲ್ಲ. ದಿನಾ ಸಂಜೆ ಮಗಳು ಕಥೆ ಓದಬೇಕು, ತಾಯಿ ಕೇಳಬೇಕು. ಅಮ್ಮ ಹೋದ ಮೇಲೆ ಆ ಹೊತ್ತು ಮನೆಯಲ್ಲಿ ಅವಳ ಬಾಯಿಗೆ ಕೆಲಸವೇ ಇಲ್ಲದಾಯಿತು.

ಆಗ ಸಿಕ್ಕಿದ್ದು 'ಕಿವಿಗೊಂದು ಪುಸ್ತಕ' ಎಂಬ ಬಳಗ. ಒಬ್ಬರು ಹಳೆಯ ಪುಸ್ತಕ ಸ್ಕ್ಯಾನ್ ಮಾಡಿದರೆ, ಕಂಪ್ಯೂಟರು ಅದನ್ನು ಅರ್ಧ ಸರಿ ಅರ್ಧ ತಪ್ಪಾಗಿ ಅಕ್ಷರ ಮಾಡುತ್ತದೆ. ಪದ್ಮಶ್ರೀಯಂಥವರು ಅಚ್ಚಿನ ಪುಟದ ಚಿತ್ರ ನೋಡಿ ತಿದ್ದುತ್ತಾರೆ. ಶಿವಶಂಕರನಂಥವರು ಎಲ್ಲವನ್ನೂ ಕೇಳಿ, ಸರಿ ಎಂದ ಮೇಲೆಯೇ ಪುಸ್ತಕ ಕಣ್ಣು ಕಾಣದವರ ಓದಿಗೆ ಹೋಗುತ್ತದೆ.

ಬಳಗ ನಡೆಸುವ ಪಿರಿಯಾಪಟ್ಟಣದ ಸಂಘಮಿತ್ರ ಟೀಚರ್ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದರು. "ಅಚ್ಚಲ್ಲಿ ಇದ್ದದ್ದು ಇದ್ದಂಗೆ ಬರ್ಬೇಕು ಪದ್ಮಶ್ರೀ. ಸೇರಿಸೋದು ಬೇಡ, ಬಿಡೋದು ಬೇಡ. ಬೈಗುಳ ಇದ್ರೆ ಬೈಗುಳನೂ ಇರ್ಬೇಕು. ಕೇಳೋರಿಗೆ ನಾವು ಬಿಟ್ಟದ್ದು ಏನು ಅಂತ ಗೊತ್ತೇ ಆಗಲ್ಲ. ಅದಕ್ಕೇ ಬಿಡಬಾರ್ದು."

ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು, ಎಲ್ಲರೂ ಆಡಿಸುತ್ತಾರೆ.

ಈಗ ಅವಳ ವಿಷಯ ಒಂದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಪದ್ಮಶ್ರೀಗೆ ತೊನ್ನು ಇತ್ತು. ಮೊದಲು ತುಟಿಯ ಕೆಳಗೆ ಸಣ್ಣ ಬಿಳಿ ಮಚ್ಚೆಯಾಗಿ ಬಂತು. ಆಮೇಲೆ ಎಡಗಣ್ಣಿನ ಸುತ್ತ, ಆಮೇಲೆ ಎರಡೂ ಕೈಬೆರಳು. ಅಂಟುವ ರೋಗವಲ್ಲ, ನೋವಿಲ್ಲ, ತುರಿಕೆಯಿಲ್ಲ. ಡಾಕ್ಟರು ನೂರು ಸಲ ಹೇಳಿದ್ದರು. ಡಾಕ್ಟರ ಮಾತು ಊರಿಗೆ ಕೇಳಿಸಬೇಕಲ್ಲ?

ಹುಣಸೂರಿನಿಂದ ಗಾವಡಗೆರೆಗೆ ಬರುವ ಬೆಳಗಿನ ಬಸ್ಸಿನಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಿದ್ದರು. ಪದ್ಮಶ್ರೀಯ ಪಕ್ಕದ ಸೀಟು ಮಾತ್ರ ಖಾಲಿ. ಅಂಚೆ ಕಚೇರಿಯಲ್ಲಿ ಪಿಂಚಣಿಗೆ ಬಂದವರ ಹೆಬ್ಬೆರಳು ಮೆಷಿನ್ನಿನ ಮೇಲೆ ಸರಿಯಾಗಿ ಕೂರದಿದ್ದರೆ ಅವಳು ಕೈ ಹಿಡಿದು ಕೂರಿಸಬೇಕು. ಪುಟ್ಟಲಕ್ಷ್ಮಿ ಅಜ್ಜಿ ಒಳ್ಳೆಯವಳೇ, ಬಂದಾಗಲೆಲ್ಲ ಒಂದು ಹಿಡಿ ಕಡಲೆಕಾಯಿ ತರುವವಳು. ಆದರೂ ಬೆರಳು ಕೂರಿಸಿಕೊಂಡ ಮೇಲೆ ಕೈಯನ್ನು ಮೆಲ್ಲಗೆ ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಪದ್ಮಶ್ರೀ ಕಾಣದವಳಂತೆ ಮುಖ ತಿರುಗಿಸುತ್ತಿದ್ದಳು.

ಕೆ.ಆರ್. ನಗರದಿಂದ ಗಂಡಿನ ಕಡೆಯವರು ಒಮ್ಮೆ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಅವಳ ತುಟಿಯ ಕೆಳಗೆ ನೋಡಿದರು. ಅವಳು ಕೊಟ್ಟ ಕಾಫಿ ಲೋಟ ಹಾಗೇ ಉಳಿಯಿತು. ಅಣ್ಣ ಕುಮಾರ್, ಅತ್ತಿಗೆ ರಮ್ಯಾ ಆಮೇಲೆ ಆ ಮಾತೇ ಎತ್ತಲಿಲ್ಲ. ಮದುವೆ ಮನೆಗಳಿಗೆ ಹೊರಡುವಾಗ ಮಾತ್ರ ರಮ್ಯಾ ಮೆಲ್ಲಗೆ ಕೇಳುತ್ತಿದ್ದಳು. "ನಿಂಗೆ ಅಲ್ಲಿ ಬೇಜಾರಾಗ್ತದೇನೋ ಅಲ್ವಾ ಪದ್ಮ?"

"ಹೂಂ ಅತ್ತಿಗೆ, ನೀವು ಹೋಗ್ಬನ್ನಿ," ಎನ್ನುತ್ತಿದ್ದಳು ಅವಳು. ಮನೆಯಲ್ಲಿ ಒಬ್ಬಳೇ ಕೂತು ಅನ್ನಕ್ಕೆ ಮೊಸರು ಕಲಸುತ್ತಿದ್ದಳು. ಒಬ್ಬರಿಗೇ ಅಡುಗೆ ಮಾಡಿಕೊಳ್ಳುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಇಂಥವಳ ಬದುಕಿಗೆ ಶಿವಶಂಕರನ ಫೋನು ಬಂತು ನೋಡಿ.

ಮೊದಮೊದಲು ಸೊನ್ನೆಯ ವಿಷಯಕ್ಕೆ. ಆಮೇಲೆ ಮಾತಿನ ವಿಷಯಕ್ಕೆ. ಅವರು ಮಾಡುತ್ತಿದ್ದುದು ಈ ಸೀಮೆಯ ಹಳೆಯ ಕಾದಂಬರಿ, ಪುಟ ತುಂಬ ಹಳ್ಳಿಯ ಮಾತು. ಅದನ್ನು ಕಂಪ್ಯೂಟರು ಓದಿದರೆ ಶಿವಶಂಕರನಿಗೆ ಸಮಾಧಾನವಿಲ್ಲ.

"ಮಿಷಿನ್ನು ಬೈದ್ರೆ ಬೈದಂಗೇ ಇರಲ್ಲ ಕಣ್ರೀ. ಬ್ಯಾಂಕಿನವ್ರು ನೋಟೀಸ್ ಓದ್ದಂಗಿರ್ತದೆ. ಈ ಸಾಲು ನೀವೊಂದ್ಸಲ ಓದಿ ನೋಡುವ."

ಅವಳು ಓದಿದಳು. ಅಮ್ಮನಿಗೆ ಓದುತ್ತಿದ್ದ ಹಾಗೆ, ಅತ್ತೆಯ ಗಂಟಲು ಅತ್ತೆಗೆ, ಸೊಸೆಯ ಗಂಟಲು ಸೊಸೆಗೆ. ಅವನು ಆ ಕಡೆಯಿಂದ ಗಟ್ಟಿಯಾಗಿ ನಕ್ಕ.

"ಇದು ಕಣ್ರೀ ಓದು ಅಂದ್ರೆ."

ಅಂದಿನಿಂದ ದಿನಾ ಸಂಜೆ ಅವಳಿಗೆ ಓದುವುದಿತ್ತು, ಕೇಳುವವನಿದ್ದ. ಅವನು ಎಚ್.ಡಿ. ಕೋಟೆಯ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಊರು ಹಂಪಾಪುರ, ಮನೆಯಲ್ಲಿ ತಾಯಿ ಮಾತ್ರ. ಹೈಸ್ಕೂಲಿನಲ್ಲಿದ್ದಾಗ ಕಣ್ಣು ಮಂಜಾಗುತ್ತ ಬಂದು ಪೂರ್ತಿ ಹೋಗಿತ್ತು. ಇದೆಲ್ಲ ಒಂದೊಂದಾಗಿ ತಿಳಿಯಿತು.

ಅವನು ಅವಳನ್ನು ಕೇಳಿದ್ದೂ ಎಷ್ಟೋ. ಆದರೆ ನೋಡಲು ಹೇಗಿದ್ದೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಅವಳಿಗೆ ಅದೇ ದೊಡ್ಡ ನೆಮ್ಮದಿ. ಅವನೊಡನೆ ಮಾತಾಡುವಾಗ ಅವಳ ಕೈ ತಾನಾಗಿ ದುಪಟ್ಟಾ ಎಳೆದು ತುಟಿಯ ಕೆಳಗೆ ಮುಚ್ಚುತ್ತಿರಲಿಲ್ಲ.

'ಇವನ ಹತ್ರ ನಾನು ಬರೀ ದನಿ. ದನಿಗೆ ಎಲ್ಲಿ ಮಚ್ಚೆ?' ಎಂದುಕೊಂಡಳು. ಹಾಗೆಂದುಕೊಂಡೇ ಅವನನ್ನು ಪ್ರೀತಿಸಿಬಿಟ್ಟಳು.

"ಒಂದಿನ ಸಿಗುವ ಪದ್ಮಶ್ರೀ," ಎಂದ ಅವನು ಒಂದು ಸಂಜೆ. ಮೇಡಂ ಹೋಗಿ ಹೆಸರು ಬಂದು ಬಹಳ ದಿನವಾಗಿತ್ತು. "ಹುಣಸೂರಿಗೇ ಬತ್ತೀನಿ. ಬಸ್ ಸ್ಟ್ಯಾಂಡಲ್ಲಿ ಒಂದು ಕಾಫಿ ಕುಡಿಯಾದು ಅಷ್ಟೇಯ."

ಅವನಿಗೆ ಕಾಣುವುದಿಲ್ಲ, ನಿಜ. ಹೋಟೆಲಿನವನಿಗೆ ಕಾಣುತ್ತದಲ್ಲ. ಪಕ್ಕದ ಟೇಬಲ್ಲಿನವರು ಎದ್ದು ಹೋಗುವ ಸದ್ದು ಅವನಿಗೆ ಕೇಳುತ್ತದಲ್ಲ. ಅಲ್ಲಿಗೆ ಮುಗಿಯಿತು. ಈ ಒಂದು ಸಂಜೆಯ ಹೊತ್ತೂ ಹೋಗಿಬಿಟ್ಟರೆ ಅವಳಿಗೆ ಉಳಿಯುವುದು ಏನು?

"ಪುಸ್ತಕ ಮುಗೀಲಿ, ಆಮೇಲೆ ನೋಡೋಣ," ಎಂದು ತಪ್ಪಿಸಿಕೊಂಡಳು.

ಹಣೆಬರಹ ನೋಡಿ, ಅದರ ಮಾರನೆಯ ದಿನವೇ ಆ ಪುಟ ಬಂತು.

ಕಾದಂಬರಿಯ ಅತ್ತೆ ಜಗಲಿಯಲ್ಲಿ ಕೂತು, ಊರಿನ ಹುಡುಗಿಯೊಬ್ಬಳ ಬಗ್ಗೆ, ಅವಳಿಗೆ ಕೇಳಲೆಂದೇ ಆಡುವ ಮಾತು. 'ತೊನ್ನು ಹತ್ತಿದೋಳ್ಗೆ ಕುರುಡನೇ ಗಂಡನಾಗಿ ಬರ್ಬೇಕು. ಕಣ್ಣಿದ್ದೋನು ಬತ್ತಾನಾ?'

ಪದ್ಮಶ್ರೀ ಆ ಸಾಲನ್ನು ನೋಡುತ್ತ ಕೂತುಬಿಟ್ಟಳು. ಯಾವ ಕಾಲದಲ್ಲೋ, ಯಾರೋ ಬರೆದಿಟ್ಟು ಹೋದ ಮಾತು ಅವಳ ಕೆನ್ನೆಗೇ ಬಂದು ಬಾರಿಸಿತ್ತು. ಇದನ್ನು ಅವನು ಕೇಳುತ್ತಾನೆ. 'ಇದನ್ನೊಂದ್ಸಲ ನೀವು ಓದಿ' ಎನ್ನುತ್ತಾನೆ. ತನ್ನ ಬಾಯಿಂದ, ತನ್ನ ದನಿಯಲ್ಲಿ... ಅವನಿಗೆ ಹೇಗೆ ಓದಲಿ? ಓದಿದ ಮೇಲೆ ಹೇಗೆ ಸುಮ್ಮನಿರಲಿ?

ಬೆರಳು ಡಿಲೀಟ್ ಒತ್ತಿತು. ಸಾಲು ಹೋಯಿತು. ಮೇಲಿನದೂ ಕೆಳಗಿನದೂ ಕೂಡಿಕೊಂಡು, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಪುಟ ಚೊಕ್ಕವಾಗಿ ನಿಂತಿತು.

ಎರಡು ದಿನದ ಮೇಲೆ ಅವನು ಕೇಳಿದ. "ಆ ಜಗಲಿ ಪುಟದಲ್ಲಿ ಏನೋ ಬಿಟ್ಟುಹೋಗದೆ ಪದ್ಮಶ್ರೀ. ಅತ್ತೆ ಕೂತ್ಲು, ಎಲೆಯಡಿಕೆ ಹಾಕೊಂಡ್ಲು, ಆ ಹುಡ್ಗಿ ಅಳ್ತಾ ಓಡೋದ್ಲು. ಯಾಕತ್ಲು?"

ನಿಜ ಹೇಳಲು ಅದೊಂದು ಗಳಿಗೆ ಸಿಕ್ಕಿತ್ತು.

"ಅಚ್ಚಲ್ಲಿ ಇರೋದೇ ಅಷ್ಟು."

"ನೋಡಿದ್ರಾ ಸರಿಯಾಗಿ?"

"ನೋಡಿದೆ ಶಿವಶಂಕರ್. ಅಷ್ಟೇ ಇರೋದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವನು ಫೋನಿಟ್ಟ. ಆಮೇಲೆ ಸಂಘಮಿತ್ರ ಟೀಚರಿಗೆ ಫೋನ್ ಮಾಡಿ, ಮೂಲ ಪುಟದ ಚಿತ್ರ ನೋಡಿ ಓದಿ ಎಂದ. ಅವರು ಓದಿದರು.

ಮಾರನೆಯ ಸಂಜೆ ಬಂದ ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಕುರುಡ ಅನ್ನೋ ಮಾತು ಕೇಳ್ಕೊಂಡೇ ದೊಡ್ಡೋನಾದೋನು ನಾನು. ಬಸ್ಸಲ್ಲಿ ಕೇಳ್ತೀನಿ, ಸಂತೇಲಿ ಕೇಳ್ತೀನಿ. ನೀವೊಬ್ರು ಅದನ್ನ ಅಳಿಸ್ಬುಟ್ರೆ ನಾನು ಬದುಕ್ಕೋತೀನಾ ಮೇಡಂ?"

ಮೇಡಂ. ಮತ್ತೆ ಮೇಡಂ.

"ಅದಕ್ಕಲ್ಲ... ನಾನು..."

"ನಂಗೆ ಕಣ್ಣು ಮಂಜಾಗ್ತಿದ್ದಾಗ ಮೈಸೂರಲ್ಲಿ ಡಾಕ್ಟ್ರು ರಿಪೋರ್ಟ್ ಬರ್ಕೊಟ್ರು. ಆಗ್ಲೇ ಅಕ್ಷರ ಕಾಣ್ತಿರ್ಲಿಲ್ಲ. ಏನವ್ವ ಬರ್ದವ್ರೆ ಅಂದೆ. ವಾಸಿಯಾಯ್ತದೆ ಅಂತ ಬರ್ದವ್ರೆ ಕಣ್ಲಾ ಅಂದ್ಲು ನಮ್ಮವ್ವ. ವಾಸಿಯಾಗಲ್ಲ ಅಂತ ಬರ್ದಿದ್ರು. ಒಂದು ವರ್ಷ ದಿನಾ ಬೆಳಿಗ್ಗೆ ಎದ್ದು ಕಣ್ಣುಜ್ಜಿ ನೋಡ್ತಿದ್ದೆ. ನಮ್ಮವ್ವ ಪ್ರೀತಿಗೇ ಹೇಳಿದ್ದು. ನೀವೂ ಅಂಗೇ ಮಾಡಿದ್ರಿ ಅಂತ ಗೊತ್ತು. ನಂಗೆ ಆ ಪ್ರೀತಿ ಸಾಕಾಗದೆ. ಇನ್ನು ನೀವು ಕಳಿಸೋ ಒಂದೊಂದು ಪುಟನೂ ಇದರಲ್ಲೇನು ಬಿಟ್ಟವ್ರೋ ಅಂತಲೇ ಕೇಳ್ಬೇಕು ನಾನು."

ಅವನು ಫೋನಿಟ್ಟ.

ಅವಳು ಆ ಸಾಲನ್ನು ಅಕ್ಷರ ಬಿಡದೆ ಮತ್ತೆ ಟೈಪ್ ಮಾಡಿ ಕಳಿಸಿದಳು. 'ಸರಿ' ಎಂದು ಒಂದೇ ಮಾತಿನ ಉತ್ತರ ಬಂತು. ಉಳಿದ ಪುಟಗಳಿಗೂ ಅಷ್ಟೇ. ಸರಿ. ಸರಿ. ಸರಿ. ಹಿಂದೆ ಸೊನ್ನೆ ಎಂದು ಬರೆದಿದ್ದವನ ಮೇಲೆ ಜಗಳಕ್ಕಾದರೂ ಹೋಗಬಹುದಿತ್ತು. ಸರಿ ಎಂದವನ ಮೇಲೆ ಹೇಗೆ ಹೋಗುವುದು?

ಸಂಜೆಗಳು ಹಳೆಯ ಹಾಗೇ ಆದವು. ಅಲ್ಲ, ಹಳೆಯದಕ್ಕಿಂತ ಕೆಟ್ಟದಾದವು. ಮೊದಲು ಮನೆ ಖಾಲಿ ಎಂದಷ್ಟೇ ಅನಿಸುತ್ತಿತ್ತು. ಈಗ ಆ ಹೊತ್ತಿಗೆ ಸರಿಯಾಗಿ ಕಣ್ಣು ಫೋನಿನ ಕಡೆಗೇ ಹೋಗುತ್ತಿತ್ತು. ರಮ್ಯಾ ಟಿ.ವಿ. ಹಾಕಿ ಕರೆದರೆ ಹೋಗಿ ಕೂರುತ್ತಿದ್ದಳು, ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಒಂದೆರಡು ಸಲ ಸುಮ್ಮನೆ ಯಾವುದೋ ಪುಸ್ತಕ ತೆಗೆದು ಗಟ್ಟಿಯಾಗಿ ಓದಲು ನೋಡಿದಳು. ಗೋಡೆಗೆ ಓದಿದಂತಾಗಿ ಮುಚ್ಚಿಟ್ಟಳು.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಕಾದಂಬರಿ ಮುಗಿಯಿತು. ಸಂಘಮಿತ್ರ ಟೀಚರೇ ಫೋನ್ ಮಾಡಿದರು.

"ಒಳ್ಳೆ ಕೆಲಸ ಪದ್ಮಶ್ರೀ. ಆದ್ರೆ ಒಂದು ವಿಷಯ... ಇನ್ಮೇಲೆ ನಿಮ್ಮ ಪುಟ ಬೇರೆಯವರು ಕೇಳ್ತಾರೆ. ಶಿವಶಂಕರ್ ತನಗೆ ಬೇಡ ಅಂದ್ರು."

ಪದ್ಮಶ್ರೀ ಲ್ಯಾಪ್‌ಟಾಪ್ ಮುಚ್ಚಿದಳು.

"ಅವರಿಗೆ ನೋವಾಗುತ್ತೆ ಅಂತ ತಾನೇ ನೀವು ಬಿಟ್ಟಿದ್ದು? ಪಾಪ, ಒಳ್ಳೆ ಮನಸ್ಸಿಂದಲೇ..."

"ಅಲ್ಲ ಟೀಚರ್."

"ಮತ್ತೆ?"

"ಅದು... ನನ್ನ ವಿಷಯ."

"ನಂಗೆ ಹೇಳೋದು ಬೇಡಮ್ಮ," ಎಂದರು ಟೀಚರು ಮೆತ್ತಗೆ. "ಆದ್ರೆ ಅವರಿಗೆ ಹೇಳಿ. ತಪ್ಪು ಕಾರಣಕ್ಕೆ ಮುನಿಸ್ಕೊಂಡಿದ್ದಾರೆ ಅವರು. ಮುನಿಸ್ಕೊಳ್ಳೋದಾದ್ರೆ ಸರಿಯಾದ ಕಾರಣಕ್ಕಾದ್ರೂ ಮುನಿಸ್ಕೊಳ್ಲಿ."

ಭಾನುವಾರ ಪದ್ಮಶ್ರೀ ಕೋಟೆ ಬಸ್ಸು ಹತ್ತಿದಳು. ಪಕ್ಕದ ಸೀಟು ಎಂದಿನಂತೆ ಖಾಲಿ. ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಹಂಪಾಪುರದಲ್ಲಿ ಇಳಿದು, ಕಾಲೇಜು ಮೇಷ್ಟ್ರ ಮನೆ ಯಾವುದೆಂದು ಕೇಳಿಕೊಂಡು ಹೋದಳು. ದುಪಟ್ಟಾವನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಕೈ ಎರಡು ಸಲ ಮೇಲೇರಿತು, ಎರಡು ಸಲವೂ ಇಳಿಸಿದಳು.

ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಶಿವಶಂಕರನ ತಾಯಿ ದೊಡ್ಡತಾಯಮ್ಮ.

"ಯಾರವ್ವ?"

"ಶಿವಶಂಕರ್ ಅವರನ್ನ ನೋಡ್ಬೇಕಿತ್ತು. ಹುಣಸೂರಿಂದ ಬಂದೆ. ಪದ್ಮಶ್ರೀ ಅಂತ."

ದೊಡ್ಡತಾಯಮ್ಮನ ಕೈ ನಿಂತಿತು. ನೋಟ ಕಣ್ಣಿಗೆ ಬಂತು, ತುಟಿಗೆ ಇಳಿಯಿತು, ಬೆರಳಿಗೆ ಹೋಯಿತು. ಆ ನೋಟದ ದಾರಿ ಪದ್ಮಶ್ರೀಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಮುಂದೆ 'ಅವ್ನು ಮನೇಲಿಲ್ಲ' ಎನ್ನುವ ಮಾತು ಬರುತ್ತದೆ.

"ಫೋನಾಗೆ ಓದ್ತಿದ್ದ ಉಡ್ಗಿ ನೀನೇಯಾ?" ಎಂದಳು ದೊಡ್ಡತಾಯಮ್ಮ. ಮೊರ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. "ಕೂತ್ಕೊ ಬಾ. ಕ್ಸೌರಕ್ಕೋಗವ್ನೆ, ಬತ್ತಾನೆ."

ಪಕ್ಕದಲ್ಲಿ ಕೂರು ಎಂದು ಯಾರಾದರೂ ಅಂದು ಎಷ್ಟು ಕಾಲವಾಗಿತ್ತೋ. ಪದ್ಮಶ್ರೀಗೆ ಕಣ್ಣು ತುಂಬಿ ಬಂತು. ತಾನೂ ಎರಡು ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ದೊಡ್ಡತಾಯಮ್ಮ ಬೇಡ ಎನ್ನಲಿಲ್ಲ.

"ನಿನ್ ಫೋನ್ ಬಂದ್ರೆ ನನ್ ಮಗ ನಗಾಡ್ತಿದ್ದ ಕಣವ್ವ. ಈಗ ಉಣ್ಣಾಕೂ ನಾನೇ ಕರೀಬೇಕು. ಅದೇನ್ ಜಗಳ್ವೋ ನಂಗೊತ್ತಿಲ್ಲ." ಆಮೇಲೆ ಅವಳ ಬೆರಳ ಕಡೆ ಗದ್ದ ತೋರಿಸಿ ದನಿ ಇಳಿಸಿದಳು. "ಇದು ಅವ್ನಿಗೆ ಗೊತ್ತಾ?"

"ಇಲ್ಲ."

"ಹೇಳ್ಬ್ಯಾಡ."

ಪದ್ಮಶ್ರೀ ತಲೆಯೆತ್ತಿದಳು.

"ಅವ್ನಿಗೆ ಕಾಣಾಕಿಲ್ಲ. ನಾನು ಹೇಳಾಕಿಲ್ಲ. ನಮ್ಮಟ್ಟೀಲಿ ಹೇಳಾಕೆ ಇನ್ಯಾರವ್ರೆ? ನೀನ್ಯಾಕೆ ಬಾಯ್ಬುಟ್ಟು ಹೇಳಾಕೋಯ್ತೀಯ, ಬುಡು. ಅವ್ನೂ ಚೆಂದಾಗಿರ್ತಾನೆ, ನೀನೂ ಚೆಂದಾಗಿರ್ತೀಯ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಮಗನ ಮೇಲೂ ಕನಿಕರ, ಅವಳ ಮೇಲೂ ಕನಿಕರ. ಅವಳು ಎಂದೂ ಆಸೆಪಡಲು ಧೈರ್ಯ ಮಾಡದಿದ್ದ ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು ಆ ತಾಯಿ ಮುಂದೆ ಚಾಚಿದ್ದಳು. ಮನೆ, ಗಂಡ, ಪಕ್ಕದಲ್ಲಿ ಜಾಗ. ಅವಳು ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನಿದ್ದರೆ ಸಾಕು.

ಸುಮ್ಮನಿರುವುದು ಅವಳಿಗೆ ಕಷ್ಟವೇ? ವರ್ಷಗಟ್ಟಲೆ ಅದನ್ನೇ ತಾನೇ ಮಾಡಿದ್ದು?

ಅಷ್ಟರಲ್ಲಿ ಬೀದಿಯ ಮೂಲೆಯಲ್ಲಿ ಕೋಲಿನ ಸದ್ದಾಯಿತು. ಶಿವಶಂಕರ ಬಂದು ಜಗಲಿಯ ಮುಂದೆ ನಿಂತ. ಅವಳು ಅವನನ್ನು ನೋಡಿದ್ದು ಅದೇ ಮೊದಲು. ಅಂದುಕೊಂಡದ್ದಕ್ಕಿಂತ ತೆಳ್ಳಗಿದ್ದ.

"ಯಾರವ್ವ ಬಂದವ್ರೆ?"

"ಹುಣಸೂರವ್ರು ಕಣ್ಲಾ. ನಿಮ್ಮ ಪುಸ್ತಕ್ದೋರು."

ಅವನ ಮುಖ ಬಿಗಿಯಿತು. "ಪುಸ್ತಕ ಮುಗೀತಲ್ಲ ಮೇಡಂ."

"ಒಂದು ಸಾಲು ಓದೋದಿತ್ತು."

"ಅದನ್ನ ಕೇಳಿದೀನಿ. ಮಿಷಿನ್ನು ಓದ್ತು."

"ನಾನು ಓದಿಲ್ಲ," ಎಂದಳು ಪದ್ಮಶ್ರೀ. ಎದ್ದು ನಿಂತಳು. ಪುಸ್ತಕ ಬೇಕಿರಲಿಲ್ಲ. ಅತ್ತೆಯ ಗಂಟಲಲ್ಲೇ, ತಡೆಯದೆ, ಪೂರ್ತಿ ಓದಿದಳು. "ತೊನ್ನು ಹತ್ತಿದೋಳ್ಗೆ ಕುರುಡನೇ ಗಂಡನಾಗಿ ಬರ್ಬೇಕು. ಕಣ್ಣಿದ್ದೋನು ಬತ್ತಾನಾ?"

ದೊಡ್ಡತಾಯಮ್ಮನ ಕೈಯಿಂದ ಅವರೆಕಾಯಿ ಜಾರಿತು.

"ಇದರಲ್ಲಿ ಬೈಗುಳ ಎರಡಿವೆ ಶಿವಶಂಕರ್. ನೀವು ನಿಮ್ಮದನ್ನ ಮಾತ್ರ ಕೇಳಿಸ್ಕೊಂಡ್ರಿ. ಇನ್ನೊಂದು ನಂದು."

ಅವನು ಅವಳ ದನಿಯ ಕಡೆ ಮುಖ ತಿರುಗಿಸಿದ.

"ಎಡಗಣ್ಣಿನ ಸುತ್ತ ಇದೆ. ತುಟಿ ಕೆಳಗಿದೆ. ಎರಡೂ ಕೈಬೆರಳು ಪೂರ್ತಿ ಬಿಳಿ. ಇನ್ನೂ ಹರಡಬಹುದು, ಹರಡದೇನೂ ಇರಬಹುದು. ನಿಮಗೆ ನೋವಾಗುತ್ತೆ ಅಂತ ನಾನು ಆ ಸಾಲು ಬಿಡಲಿಲ್ಲ. ನಂಗೆ ಹೆದರಿಕೆ ಆಗಿ ಬಿಟ್ಟೆ. ಕೇಳಿದಾಗ ಸುಳ್ಳೂ ಹೇಳ್ದೆ. ಅದಕ್ಕೆ ನೀವು ಏನಂದ್ರೂ ಸರಿ."

"ಅವ್ವ, ನೀನು ನೋಡ್ದಾ?" ಎಂದು ಕೇಳಿದ ಅವನು.

"ಏನ್ಲಾ ನೋಡಾದು. ಲಕ್ಸಣವಾಗವ್ಳೆ."

"ಅವರು ಹೇಳೋದೂ ನಿಜ, ನಾನು ಹೇಳೋದೂ ನಿಜ," ಎಂದಳು ಪದ್ಮಶ್ರೀ. ಹಾಗೆ ಹೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

ಅವನು ಕೋಲನ್ನು ಗೋಡೆಗೆ ಒರಗಿಸಿ ಜಗಲಿಯ ಅಂಚಿಗೆ ಕೂತ. ಆಮೇಲೆ ಕೇಳಿದ. "ಕಾಣಲ್ಲ ಅಂತ ತಾನೇ ನನ್ನ ಹತ್ರ ಮಾತಾಡಿದ್ದು?"

"ಮೊದಲು ಹೌದು."

"ಈಗ?"

"ಈಗ ನಿಮಗೆ ಕಾಣ್ಬೇಕಿತ್ತು ಅನ್ಸುತ್ತೆ. ಎಲ್ಲರೂ ನೋಡಿ ಎದ್ದು ಹೋದ್ರು. ನೀವೊಬ್ರು ನೋಡಿ ಕೂತಿರ್ಬೇಕಿತ್ತು ಅನ್ಸುತ್ತೆ." ತಡೆದಿದ್ದ ಅಳು ಬಂದೇಬಿಟ್ಟಿತು.

ಅವನು ಅಳು ನಿಲ್ಲಿಸಿ ಎನ್ನಲಿಲ್ಲ. ಅವಳಷ್ಟಕ್ಕೆ ಅವಳು ಅತ್ತು ಮುಗಿಸಲಿ ಎಂದು ಕಾದ.

"ನಂಗದೇನೂ ದೊಡ್ಡದಲ್ಲ ಅಂದ್ಬುಡಬೋದು," ಎಂದ. "ಅಂಗಂದ್ರೆ ನಂಬಬ್ಯಾಡಿ. ಕಾಣದೇ ಇರೋನ್ಗೆ ಅಂಗನ್ನೋದು ಸುಲಭ. ನಾಳೆ ನಿಮ್ಮ ಜೊತೆ ನಡೆದ್ರೆ ಜನ ಅನ್ನೋದು ನನ್ನ ಕಿವಿಗೂ ಬೀಳ್ತದೆ. ಆ ಕಾದಂಬರಿ ಅತ್ತೆ ಅಂದದ್ದನ್ನೇ ಅಂತಾರೆ. ಒಬ್ನೇ ಇದ್ದಾಗ ನನ್ನ ಬೈಗುಳ ಮಾತ್ರ ಕೇಳ್ತಿದ್ದೆ, ಇನ್ಮೇಲೆ ಎರಡೂ ಕೇಳ್ತೀನಿ. ಕೇಳಿಸ್ಕೊಂಡು ನಿಮ್ಮ ಪಕ್ಕದಲ್ಲೇ ನಡೀತೀನಿ. ನಂಗೆ ಆಗೋದು ಅಷ್ಟು."

ಪದ್ಮಶ್ರೀ ಕಣ್ಣೊರೆಸಿಕೊಂಡಳು.

"ಇನ್ನೊಂದು. ಮೂಲೇಲಿ ಬರುವಾಗ್ಲೇ ಹೇಳ್ಬ್ಯಾಡ ಅಂದದ್ದು ಕೇಳಿಸ್ತು. ನಮ್ಮವ್ವನ ಪಿಸುಮಾತು ಕೆರೆ ಏರಿಗೂ ಕೇಳ್ತದೆ. ಏನನ್ನ ಹೇಳ್ಬ್ಯಾಡ ಅಂದ್ಲು ಅಂತ ಮಾತ್ರ ಗೊತ್ತಾಗ್ಲಿಲ್ಲ." ಅವನ ದನಿ ತಗ್ಗಿತು. "ನೀವೂ ಬಿಟ್ಬುಡ್ತೀರೇನೋ ಅಂತ ಹೆದ್ರಿದ್ದೆ ಕಣ್ರೀ."

"ನಾನೇನ್ಲಾ ಕೆಟ್ಟದ್ ಮಾಡ್ದೆ..." ಎಂದು ದೊಡ್ಡತಾಯಮ್ಮ ಗೊಣಗಿದಳು.

"ಕೆಟ್ಟದ್ದಲ್ಲ ಕಣವ್ವ." ಅವನು ಅಂಗೈ ಚಾಚಿದ. "ಕೈ ಕೊಡಿ ಪದ್ಮಶ್ರೀ."

ಅವಳು ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು. ಅವನು ಒಂದೊಂದನ್ನೇ ಮುಟ್ಟಿ ನೋಡಿದ. ಮುಟ್ಟಿದ ಮೇಲೆ ಕೈಯನ್ನು ಎಲ್ಲಿಗೂ ಒರೆಸಿಕೊಳ್ಳಲಿಲ್ಲ, ಹಿಡಿದುಕೊಂಡೇ ಕೂತ.

"ಹರಡಿದ್ರೆ ಹೇಳ್ತೀರಾ?"

"ಹೇಳ್ತೀನಿ."

"ನಂದೂ ಹೇಳಿ ನೋಡುವ. ನಾನೆಂಗಿದೀನಿ?"

ಅವಳು ಅವನನ್ನು ಸಾವಕಾಶವಾಗಿ ನೋಡಿದಳು. "ಕಿವಿ ಹತ್ರ ಕೂದಲು ನೆರೆತಿದೆ."

"ಹೌದಾ? ಯಾವಾಗಿಂದವ್ವ?"

"ಇಲ್ಲ ಕಣ್ಲಾ ಮಗ. ಎಲ್ ನೆರೆತದೆ, ಕರ್ರಗವೆ."

"ನೆರೆತಿದೆ," ಎಂದಳು ಪದ್ಮಶ್ರೀ. "ಎರಡೂ ಕಡೆ."

ಶಿವಶಂಕರ ನಕ್ಕ. ಫೋನಿನಲ್ಲಿ ಕೇಳುತ್ತಿದ್ದ ಆ ನಗು ಎದುರಿಗೆ ಇನ್ನೂ ದೊಡ್ಡದಾಗಿತ್ತು. ದೊಡ್ಡತಾಯಮ್ಮ ಮೊರ ಎತ್ತಿಕೊಂಡು, ಸಾರಿಗಿಡಬೇಕು ಎನ್ನುತ್ತ ಒಳಗೆ ಹೋದಳು.

"ನಮ್ಮನೆಗೆ ಬತ್ತೀರಾ ಪದ್ಮಶ್ರೀ?"

"ಬಂದಿದ್ದೀನಲ್ಲ."

"ಸಂಜೆ ಬಸ್ಸಿಗೆ ಹೊಂಟೋಯ್ತೀರಲ್ಲ. ವಾಪಸ್ ಹೋಗ್ದಂಗೆ ಬರೋದನ್ನ ಕೇಳ್ತಿರೋದು ನಾನು."

ಪದ್ಮಶ್ರೀ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬರ್ತೀನಿ," ಎಂದಳು.